ಹೊಲಕ್ಕೆ ನುಗ್ಗುವ ಕಾಡುಹಂದಿಯನ್ನು ದೂರದಿಂದ ಹೊಡೆಯಲು ಯಾವ ತೋಟಾ ಒಳ್ಳೆಯದು? ಫಾರ್ವರ್ಡ್ ಮಾಡುವ ಮುಂಚೆ ಇದನ್ನು ಓದಿ

ಗೋವಿನಜೋಳ ತೆನೆಗಟ್ಟುವ ಹೊತ್ತಿಗೆ, ಶೇಂಗಾ ಕಾಯಿ ಬಲಿಯುವ ಹೊತ್ತಿಗೆ ಕಾಡುಹಂದಿ ಹಿಂಡು ಹೊಲಕ್ಕೆ ಇಳಿಯುತ್ತದೆ. ತಿನ್ನುವುದಕ್ಕಿಂತ ತುಳಿದು, ಬಗೆದು ಹಾಳು ಮಾಡುವುದೇ ಹೆಚ್ಚು. ಮೂರು ತಿಂಗಳ ದುಡಿಮೆ ಒಂದು ರಾತ್ರಿಯಲ್ಲಿ ಮಣ್ಣುಪಾಲಾದಾಗ ರೈತನಿಗೆ ಸಿಟ್ಟು ಬರುವುದು ಸಹಜ. ಆ ಸಿಟ್ಟಿನ ಹೊತ್ತಿಗೇ ಮೊಬೈಲಿಗೆ ಇಂಥ ಮಾತುಗಳು ಬಂದು ಬೀಳುತ್ತವೆ:

"ಕಾಡುಹಂದಿ ಹೊಡೆಯಲು ಈಗ ಸರ್ಕಾರವೇ ಅನುಮತಿ ಕೊಟ್ಟಿದೆ."
"ದೊಡ್ಡ ತೋಟಾ ಹಾಕಿದರೆ ಅರ್ಧ ಕಿಲೋಮೀಟರ್ ದೂರದಿಂದಲೇ ಒಂದೇ ಏಟಿಗೆ ಬೀಳುತ್ತದೆ."
"ಸುಮ್ಮನೆ ಗಾಳಿಯಲ್ಲಿ ಹಾರಿಸಿದರೆ ಯಾರಿಗೂ ಏನೂ ಆಗಲ್ಲ."

ಜೊತೆಗೆ ಅಮೆರಿಕದ ಯಾವುದೋ ಬೇಟೆಗಾರನ ವಿಡಿಯೋ. ಬೆಟ್ಟದ ಮೇಲೆ ಮಲಗಿ ರೈಫಲ್ ಗುರಿ ಹಿಡಿದಿರುತ್ತಾನೆ, ದೂರದಲ್ಲೆಲ್ಲೋ ಪ್ರಾಣಿ ಬೀಳುತ್ತದೆ. ಗೋಕಾಕ, ಮೂಡಲಗಿ, ಹುಕ್ಕೇರಿ ಭಾಗದ ರೈತ ಅದನ್ನು ನೋಡಿ "ನಮಗೂ ಇಂಥದ್ದೊಂದು ಇದ್ದಿದ್ದರೆ" ಅಂದುಕೊಂಡರೆ ಆಶ್ಚರ್ಯವಿಲ್ಲ. ಹಾಗಾದರೆ ದೂರದ ಬೇಟೆಗೆ ತೋಟಾ ಆರಿಸುವುದು ಹೇಗೆ, ಅದು ನಮ್ಮ ಹೊಲಕ್ಕೆ ಯಾಕೆ ಹೊಂದುವುದಿಲ್ಲ ಎಂಬುದನ್ನು ಒಂದೊಂದಾಗಿ ನೋಡೋಣ.

ಒಂದೇ ಮಾತಿನ ಉತ್ತರ

ಹೊಲ ಕಾಯಲು ದೂರ ಹೊಡೆಯುವ ರೈಫಲ್ ತೋಟಾ ಯಾವುದೂ ಸರಿಯಲ್ಲ. ಕಾನೂನು ಬೇಡ ಅನ್ನುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಇನ್ನೂ ದೊಡ್ಡದು: ದೂರ ಹೋಗುವ ಗುಂಡು ಹಂದಿಯ ಹತ್ತಿರ ನಿಲ್ಲುವುದಿಲ್ಲ. ಅದರ ಆಚೆ ಯಾರಿದ್ದಾರೆ ಎಂಬುದು ರಾತ್ರಿ ಹೊತ್ತು ಹೊಡೆಯುವವನಿಗೆ ಕಾಣುವುದಿಲ್ಲ.

ತೋಟಾ ಎಂದರೆ ಏನು?

ತೋಟಾ ಮತ್ತು ಗುಂಡು ಒಂದೇ ಅಲ್ಲ. ತೋಟಾದಲ್ಲಿ ನಾಲ್ಕು ಭಾಗ ಇರುತ್ತವೆ. ಹೊರಗಿನ ಹಿತ್ತಾಳೆಯ ಕೋಶ, ತಳದಲ್ಲಿ ಕಿಡಿ ಹುಟ್ಟಿಸುವ ಸಣ್ಣ ಕ್ಯಾಪು, ಒಳಗೆ ಮದ್ದು, ಬಾಯಲ್ಲಿ ಸಿಕ್ಕಿಸಿದ ಗುಂಡು. ಕುದುರೆ ಎಳೆದಾಗ ಕ್ಯಾಪಿಗೆ ಏಟು ಬಿದ್ದು ಮದ್ದು ಉರಿಯುತ್ತದೆ. ಅದರ ಅನಿಲದ ಒತ್ತಡಕ್ಕೆ ಗುಂಡು ಮಾತ್ರ ನಳಿಕೆಯಿಂದ ಹೊರಗೆ ಹಾರುತ್ತದೆ, ಕೋಶ ಬಂದೂಕಿನಲ್ಲೇ ಉಳಿಯುತ್ತದೆ.

ರೈಫಲ್ ನಳಿಕೆಯ ಒಳಗೆ ಸುರುಳಿ ಗೆರೆ ಕೊರೆದಿರುತ್ತಾರೆ. ಅದರಿಂದ ಗುಂಡು ಬುಗುರಿಯ ಹಾಗೆ ತಿರುಗುತ್ತಾ ಮೂತಿ ಮುಂದಾಗಿ ಹೋಗುತ್ತದೆ, ದೂರದವರೆಗೂ ದಾರಿ ತಪ್ಪುವುದಿಲ್ಲ. ನಮ್ಮ ಕಡೆ ಕಾಣುವ ಜೋಡುನಳಿಗೆ ಬಂದೂಕಿನ ನಳಿಕೆ ಒಳಗೆ ನುಣುಪಾಗಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ಸೀಸದ ಸಣ್ಣ ಸಣ್ಣ ಚರೆಗಳು ಒಟ್ಟಿಗೆ ಹಾರಿ ಹರಡುತ್ತವೆ. ಇವು ಕೆಲಸ ಮಾಡುವುದು ಸುಮಾರು 35–45 ಮೀಟರ್ ಒಳಗೆ.

ಬೇರೆ ದೇಶಗಳಲ್ಲಿ ತೋಟಾ ಹೇಗೆ ಆರಿಸುತ್ತಾರೆ?

ಅಮೆರಿಕದಂಥ ದೇಶಗಳಲ್ಲಿ ಪರವಾನಗಿ ಪಡೆದು, ಗೊತ್ತಾದ ಋತುವಿನಲ್ಲಿ, ಎಷ್ಟು ಪ್ರಾಣಿ ಎಂಬ ಲೆಕ್ಕದ ಮೇಲೆ ಬೇಟೆ ನಡೆಯುತ್ತದೆ. ಅಲ್ಲಿ ಹೆಸರಾದ ತೋಟಾಗಳು ಕೆಲವು. 1906ರ ಥರ್ಟಿ-ಆಟ್-ಸಿಕ್ಸ್, 1952ರ ಪಾಯಿಂಟ್ 308 ವಿಂಚೆಸ್ಟರ್, 1963ರ ಪಾಯಿಂಟ್ 300 ವಿಂಚೆಸ್ಟರ್ ಮ್ಯಾಗ್ನಮ್, 2007ರ 6.5 ಕ್ರೀಡ್‌ಮೂರ್. "ಯಾವುದು ಎಲ್ಲಕ್ಕಿಂತ ಜೋರು" ಎಂಬುದು ಅಲ್ಲಿನ ಅನುಭವಿಗಳು ಕೇಳುವ ಮೊದಲ ಪ್ರಶ್ನೆ ಅಲ್ಲ. ಅವರು ನೋಡುವುದು ನಾಲ್ಕು ವಿಷಯ:

ಒಂದು, ಗುಂಡಿನ ಆಕಾರ. ಉದ್ದನೆಯ, ಚೂಪು ಮೂತಿಯ ಗುಂಡು ಗಾಳಿಯನ್ನು ಸುಲಭವಾಗಿ ಸೀಳುತ್ತದೆ, ವೇಗ ನಿಧಾನವಾಗಿ ಕಳೆದುಕೊಳ್ಳುತ್ತದೆ. ಹೊಸ ತೋಟಾಗಳ ಹೆಸರು ಬಂದಿರುವುದು ಇದರಿಂದಲೇ.

ಎರಡು, ಪ್ರಾಣಿಯನ್ನು ಮುಟ್ಟುವಾಗ ಉಳಿದಿರುವ ವೇಗ. ಬೇಟೆಯ ಗುಂಡಿನ ಮೂತಿ ಮೆತ್ತಗಿರುತ್ತದೆ, ಒಳಹೊಕ್ಕ ಮೇಲೆ ಅಣಬೆಯ ಹಾಗೆ ಅರಳಬೇಕು. ವೇಗ ತೀರಾ ಇಳಿದಿದ್ದರೆ ಅರಳುವುದಿಲ್ಲ. ಆಗ ಸಣ್ಣ ತೂತು ಮಾಡಿ ಆಚೆ ಹೋಗುತ್ತದೆ, ಪ್ರಾಣಿ ಗಾಯಗೊಂಡು ಓಡುತ್ತದೆ.

ಮೂರು, ಹಿಂದೊದೆತ. ತೋಟಾ ದೊಡ್ಡದಾದಷ್ಟೂ ಬಂದೂಕು ಹೆಗಲಿಗೆ ಜೋರಾಗಿ ಗುದ್ದುತ್ತದೆ. ಆ ಏಟಿಗೆ ಹೆದರಿ ಕುದುರೆ ಎಳೆಯುವ ಹೊತ್ತಿಗೆ ಕಣ್ಣು ಮುಚ್ಚಿದವನ ಗುರಿ ತಪ್ಪುತ್ತದೆ. ಹಾಗಾಗಿ "ದೊಡ್ಡದು ಹಾಕಿ" ಎಂಬ ಸಲಹೆ ಅಲ್ಲಿಯೂ ತಪ್ಪೇ.

ನಾಲ್ಕು, ಎಲ್ಲಕ್ಕಿಂತ ಮುಖ್ಯವಾದದ್ದು, ಗುರಿಯ ಹಿಂದೆ ಗುಂಡು ತಡೆಯುವ ದಿಬ್ಬ ಇದೆಯೇ ಎಂಬುದು. ಇಲ್ಲದಿದ್ದರೆ ಹೊಡೆಯುವಂತಿಲ್ಲ. ಫಾರ್ವರ್ಡ್ ವಿಡಿಯೋದಲ್ಲಿ ಬೇಟೆಗಾರ ಬೆಟ್ಟದ ಕಡೆಗೆ ಮುಖ ಮಾಡಿ ಹೊಡೆಯುವುದು ಸುಮ್ಮನೆ ಅಲ್ಲ.

ದೂರ ಹೆಚ್ಚಿದರೆ ಏನಾಗುತ್ತದೆ? ಲೆಕ್ಕ ನೋಡಿ

ಥರ್ಟಿ-ಆಟ್-ಸಿಕ್ಸ್ ತೋಟಾವನ್ನೇ ತೆಗೆದುಕೊಳ್ಳಿ. ಅದರ ಒಂದು ಸಾಮಾನ್ಯ ಗುಂಡು 11.7 ಗ್ರಾಂ ತೂಗುತ್ತದೆ, ನಳಿಕೆಯಿಂದ ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. ಆಗ ಅದರ ಶಕ್ತಿ ಸುಮಾರು 3,900 ಜೂಲ್. 40 ಕಿಲೋ ಚೀಲವನ್ನು 10 ಮೀಟರ್ ಎತ್ತರದಿಂದ ಬಿಟ್ಟರೆ ನೆಲಕ್ಕೆ ಬೀಳುವಾಗ ಇರುವಷ್ಟು. 500 ಮೀಟರ್ ಮುಟ್ಟುವ ಹೊತ್ತಿಗೆ ಗಾಳಿಯ ತಡೆಗೆ ಆ ಶಕ್ತಿ ಅರ್ಧಕ್ಕಿಂತ ಕಡಿಮೆಯಾಗಿರುತ್ತದೆ.

ಗುಂಡು ನೇರ ಗೆರೆಯಲ್ಲಿ ಹೋಗುವುದಿಲ್ಲ. ಹೊರಬಿದ್ದ ಕ್ಷಣದಿಂದ ಕೈಬಿಟ್ಟ ಕಲ್ಲಿನ ಹಾಗೆ ಭೂಮಿ ಕಡೆಗೆ ಬೀಳುತ್ತಲೇ ಇರುತ್ತದೆ. ನೇರವಾಗಿ ಮಟ್ಟಕ್ಕೆ ಹಿಡಿದು ಹೊಡೆದರೆ 100 ಮೀಟರ್‌ಗೆ ಸುಮಾರು 8 ಸೆಂಟಿಮೀಟರ್ ಇಳಿಯುತ್ತದೆ. 300 ಮೀಟರ್‌ಗೆ ಸುಮಾರು 85 ಸೆಂಟಿಮೀಟರ್. 500 ಮೀಟರ್‌ಗೆ 2.8 ಮೀಟರ್‌ನಷ್ಟು. ದೂರ ಐದು ಪಟ್ಟು ಆದರೆ ಇಳಿತ 35 ಪಟ್ಟು ಆಯಿತು. ದುರ್ಬೀನು ಇರುವ ರೈಫಲ್‌ನಲ್ಲಿ ಇದನ್ನು ಲೆಕ್ಕ ಹಾಕಿ ನಳಿಕೆ ಸ್ವಲ್ಪ ಮೇಲೆತ್ತುತ್ತಾರೆ. ಆದರೆ ಅದಕ್ಕೆ ದೂರ ಸರಿಯಾಗಿ ಗೊತ್ತಿರಬೇಕು. 350 ಮೀಟರ್ ಅಂದುಕೊಂಡ ಜಾಗ ನಿಜವಾಗಿ 400 ಮೀಟರ್ ಇದ್ದರೆ ಗುಂಡು ಒಂದು ಗೇಣಿಗಿಂತ ಹೆಚ್ಚು ಕೆಳಗೆ ಬೀಳುತ್ತದೆ. ಬ್ಯಾಟರಿ ಬೆಳಕಿನಲ್ಲಿ, ಜೋಳದ ಸಾಲುಗಳ ನಡುವೆ 350 ಯಾವುದು 400 ಯಾವುದು ಎಂದು ಕಣ್ಣಳತೆಯಲ್ಲಿ ಹೇಳಲು ಯಾರಿಗೂ ಆಗದು.

ಇನ್ನು ಗಾಳಿ. ಗಂಟೆಗೆ 16 ಕಿಲೋಮೀಟರ್ ವೇಗದ ಅಡ್ಡಗಾಳಿ ದೊಡ್ಡ ಗಾಳಿಯೇನಲ್ಲ, ಕಬ್ಬಿನ ಗರಿ ಸದ್ದು ಮಾಡುವಷ್ಟು. ಅದು ಗುಂಡನ್ನು 300 ಮೀಟರ್‌ನಲ್ಲಿ ಹತ್ತಿರ ಹತ್ತಿರ ಒಂದು ಗೇಣು, 500 ಮೀಟರ್‌ನಲ್ಲಿ ಒಂದೂವರೆ ಮೊಳದಷ್ಟು ಪಕ್ಕಕ್ಕೆ ತಳ್ಳುತ್ತದೆ.

ಹಂದಿಯೂ ಕಾದು ನಿಲ್ಲುವುದಿಲ್ಲ. 500 ಮೀಟರ್ ಮುಟ್ಟಲು ಗುಂಡಿಗೆ ಮುಕ್ಕಾಲು ಸೆಕೆಂಡು ಬೇಕು. ಅಷ್ಟರಲ್ಲಿ ನಿಧಾನ ನಡೆಯುವ ಹಂದಿಯೂ ಒಂದು ಹೆಜ್ಜೆ ಮುಂದೆ ಹೋಗಿರುತ್ತದೆ. ಎದೆಗೂಡಿಗೆ ಹಿಡಿದ ಗುರಿ ಹೊಟ್ಟೆಗೋ ಕಾಲಿಗೋ ಬೀಳುತ್ತದೆ. ಗಾಯಗೊಂಡ ಹಂದಿ ಪಕ್ಕದ ಕಬ್ಬಿನ ಹೊಲ ಹೊಕ್ಕು ಮಲಗುತ್ತದೆ. ಬೆಳಗ್ಗೆ ಕಬ್ಬಿಗೆ ಇಳಿಯುವವರು ಅದಕ್ಕೆ ಎದುರಾಗುತ್ತಾರೆ.

"ದೊಡ್ಡ ತೋಟಾ ತಗಲಿದರೆ ಎತ್ತಿ ಒಗೆಯುತ್ತದೆ" ನಿಜವೇ?

ಸಿನಿಮಾದಲ್ಲಿ ಮಾತ್ರ. ಗುಂಡು ಮುಂದಕ್ಕೆ ಒಯ್ಯುವ ತಳ್ಳು ಎಷ್ಟೋ, ಕಡಿಮೆ ಎಂದರೂ ಅಷ್ಟೇ ತಳ್ಳು ಹಿಂದಕ್ಕೆ ಹೊಡೆಯುವವನ ಹೆಗಲಿಗೂ ಬೀಳುತ್ತದೆ. ಗುಂಡಿಗೆ ಎಂಟು ಕ್ವಿಂಟಲ್ ಎಮ್ಮೆ ಎಗರುವ ಹಾಗಿದ್ದರೆ ಹೊಡೆದವನೂ ಹಿಂದಕ್ಕೆ ಎಗರಬೇಕಿತ್ತು. ಮೇಲಿನ ಗುಂಡು 80 ಕಿಲೋ ಹಂದಿಯೊಳಗೆ ಪೂರ್ತಿ ನಿಂತುಬಿಟ್ಟರೂ ಅದು ಹಂದಿಗೆ ಕೊಡುವ ವೇಗ ಸೆಕೆಂಡಿಗೆ 12 ಸೆಂಟಿಮೀಟರ್ ಮಾತ್ರ. ಪ್ರಾಣಿ ಬೀಳುವುದು ಹೃದಯ, ಶ್ವಾಸಕೋಶ ಅಥವಾ ನರಕ್ಕೆ ಪೆಟ್ಟಾದಾಗ. ಬೇರೆ ಕಡೆ ಬಿದ್ದರೆ ಯಾವ ತೋಟಾ ಆದರೂ ಗಾಯವಷ್ಟೇ.

ತಪ್ಪಿದ ಗುಂಡು ಎಲ್ಲಿ ಹೋಗುತ್ತದೆ?

ಈ ಲೇಖನದಲ್ಲಿ ನೆನಪಿಡಬೇಕಾದ ಭಾಗ ಇದು.

ಹೆಗಲ ಮಟ್ಟದಿಂದ ಸಮತಟ್ಟು ನೆಲದ ಮೇಲೆ ನೇರವಾಗಿ ಹೊಡೆದರೆ ರೈಫಲ್ ಗುಂಡು ಸುಮಾರು 350–400 ಮೀಟರ್‌ನಲ್ಲಿ ನೆಲ ಮುಟ್ಟುತ್ತದೆ. ಅಲ್ಲೇ ಹೂತುಕೊಳ್ಳುತ್ತದೆ ಎಂಬ ಖಾತ್ರಿ ಇಲ್ಲ. ಗಟ್ಟಿ ನೆಲ, ಕಲ್ಲು, ನೀರು ತಗಲಿದರೆ ಕೆರೆಗೆ ಎಸೆದ ಚಪ್ಪಟೆ ಕಲ್ಲಿನ ಹಾಗೆ ಪುಟಿದು, ಯಾವ ಕಡೆಗೋ ತಿರುಗಿ ಮತ್ತೆ ಹಾರುತ್ತದೆ. ನಳಿಕೆ ಒಂದೇ ಒಂದು ಡಿಗ್ರಿ ಮೇಲಕ್ಕೆ ಇದ್ದರೂ ಗುಂಡು ಒಂದು ಕಿಲೋಮೀಟರ್ ದಾಟುತ್ತದೆ. ಇನ್ನೂ ಎತ್ತಿದರೆ ಈ ತೋಟಾದ ಗುಂಡು 4 ಕಿಲೋಮೀಟರ್ ಆಚೆ ಬೀಳಬಲ್ಲದು. ಆಟದ ಸಾಮಾನಿನ ಹಾಗೆ ಕಾಣುವ ಪಾಯಿಂಟ್ 22 ತೋಟಾದ ಎರಡೂವರೆ ಗ್ರಾಂ ಗುಂಡು ಕೂಡ ಒಂದೂವರೆ ಕಿಲೋಮೀಟರ್ ಹೋಗುತ್ತದೆ.

ಈಗ ತುಕ್ಕಾನಟ್ಟಿಯಂಥ ಊರಿನ ಸುತ್ತಲಿನ ನೆಲವನ್ನು ಕಣ್ಣ ಮುಂದೆ ತಂದುಕೊಳ್ಳಿ. ನಮ್ಮ ಭಾಗದಲ್ಲಿ ಎಲ್ಲರೂ ಊರೊಳಗೆ ಇರುವುದಿಲ್ಲ. ಹೊಲದ ನಡುವೆ ತೋಟದ ಮನೆ ಕಟ್ಟಿಕೊಂಡು ಇರುವವರು ಬಹಳ. ಒಂದು ಕಿಲೋಮೀಟರ್ ಒಳಗೆ ಅಂಥ ಮನೆ ಎಷ್ಟು ಎಂದು ನೀವೇ ಎಣಿಸಿ. ಕಾಡುಹಂದಿ ಬರುವುದು ರಾತ್ರಿ. ಅದೇ ರಾತ್ರಿ ತ್ರೀ ಫೇಸ್ ಕರೆಂಟ್ ಬಂದರೆ ಪಕ್ಕದ ಹೊಲದವರು ನೀರು ಹಾಯಿಸಲು ಎದ್ದು ಬಂದಿರುತ್ತಾರೆ. ಸುಗ್ಗಿಯಲ್ಲಿ ಕಬ್ಬಿನ ಗ್ಯಾಂಗಿನವರು ಹೊಲದ ಬದಿಯಲ್ಲೇ ಗುಡಿಸಲು ಹಾಕಿ, ಮಕ್ಕಳೊಂದಿಗೆ ಮಲಗಿರುತ್ತಾರೆ. ನಸುಕಿನಲ್ಲೇ ಟ್ರ್ಯಾಕ್ಟರ್ ಓಡಾಟ ಶುರು. ಗೋವಿನಜೋಳದ ದಂಟು, ಕಬ್ಬಿನ ಸಾಲು ಇವರನ್ನೆಲ್ಲ ಮರೆ ಮಾಡುತ್ತವೆ. ಆದರೆ ಗುಂಡನ್ನು ತಡೆಯುವುದಿಲ್ಲ.

ಪೊದೆ ಅಲ್ಲಾಡಿತು, ಹಂದಿಯೇ ಇರಬೇಕು ಎಂದು ಹೊಡೆದಾಗ ಆ ಪೊದೆಯಲ್ಲಿ ಜೊತೆಗಾರನೇ ಇದ್ದ ಸುದ್ದಿಯನ್ನು ನೀವೂ ಓದಿರುತ್ತೀರಿ. ಅಲ್ಲಿ ತೋಟಾ ಸರಿಯಾಗಿಯೇ ಕೆಲಸ ಮಾಡಿರುತ್ತದೆ. ಕಂಡದ್ದು ಏನು, ಅದರ ಹಿಂದೆ ಏನಿದೆ ಎಂಬುದು ಹೊಡೆದವನಿಗೆ ಗೊತ್ತಿರುವುದಿಲ್ಲ.

"ಗಾಳಿಯಲ್ಲಿ ಹಾರಿಸಿದರೆ ಏನೂ ಆಗಲ್ಲ" ನಿಜವೇ?

ಅಲ್ಲ. ಮೇಲೆ ಹೋದ ಗುಂಡು ಕೆಳಗೆ ಬರಲೇಬೇಕು. ಬಿಲ್ಕುಲ್ ನೆಟ್ಟಗೆ ಹಾರಿಸಿದ ರೈಫಲ್ ಗುಂಡು ಕೂಡ ವಾಪಸ್ ಬೀಳುವಾಗ ಸೆಕೆಂಡಿಗೆ ಸುಮಾರು 90 ಮೀಟರ್ ವೇಗದಲ್ಲಿರುತ್ತದೆ. ಚರ್ಮ ಹರಿಯಲು ಸುಮಾರು 60 ಮೀಟರ್ ವೇಗ ಸಾಕು. ತಲೆಗೆ ಬಿದ್ದರೆ ಪ್ರಾಣವೂ ಹೋಗಬಹುದು. ಯಾರೂ ಅಳೆದು ನೆಟ್ಟಗೆ ಹಾರಿಸುವುದಿಲ್ಲ, ಓರೆಯಾಗಿ ಹಾರಿಸುತ್ತಾರೆ. ಓರೆಯಾಗಿ ಹೋದ ಗುಂಡು ತಿರುಗುತ್ತಾ ಮೂತಿ ಮುಂದಾಗಿಯೇ ಬರುವುದರಿಂದ ಇನ್ನೂ ವೇಗದಲ್ಲಿರುತ್ತದೆ. 2019ರಲ್ಲಿ ಶಸ್ತ್ರಾಸ್ತ್ರ ಕಾಯ್ದೆಗೆ ಮಾಡಿದ ತಿದ್ದುಪಡಿಯ ಪ್ರಕಾರ ಮದುವೆ, ಮೆರವಣಿಗೆಯಂಥ ಸಂಭ್ರಮದಲ್ಲಿ ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು.

"ಸರ್ಕಾರ ಅನುಮತಿ ಕೊಟ್ಟಿದೆ" ಎಷ್ಟು ನಿಜ?

ಇಲ್ಲಿ ಅರ್ಧ ಸತ್ಯ ಇದೆ, ಅದಕ್ಕೇ ಈ ಸಂದೇಶ ಓಡುತ್ತದೆ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ. ಬೇಟೆ ಎಂದರೆ ಗುಂಡು ಹೊಡೆಯುವುದು ಮಾತ್ರ ಅಲ್ಲ. ಉರುಳು ಹಾಕುವುದು, ವಿಷ ಇಡುವುದು, ಬೆನ್ನಟ್ಟಿ ಹಿಡಿಯುವುದು, ಗಾಯ ಮಾಡುವುದು, ಇವುಗಳಿಗೆ ಪ್ರಯತ್ನ ಮಾಡುವುದು ಕೂಡ ಬೇಟೆಯೇ. ಈ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಯಿತು. ಈಗ ಕಾಡುಹಂದಿ ಎರಡನೇ ಅನುಸೂಚಿಯಲ್ಲಿದೆ. ಕೃಷ್ಣಮೃಗ ಒಂದನೇ ಅನುಸೂಚಿಯಲ್ಲಿದೆ, ಅದನ್ನು ಕೊಂದರೆ ಕನಿಷ್ಠ ಮೂರು ವರ್ಷದಿಂದ ಏಳು ವರ್ಷದವರೆಗೆ ಜೈಲು. ಕಾಡುಹಂದಿಗೂ ಮೂರು ವರ್ಷದವರೆಗೆ ಜೈಲು, ಅಥವಾ 1 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಬೀಳಬಹುದು.

ಅರ್ಧ ಸತ್ಯ ಯಾವುದು? ಅದೇ ಕಾಯ್ದೆಯ 11ನೇ ಕಲಮಿನಲ್ಲಿ ಒಂದು ದಾರಿ ಇದೆ. ಎರಡನೇ ಅನುಸೂಚಿಯ ಪ್ರಾಣಿ ಮನುಷ್ಯರಿಗೆ ಅಥವಾ ನಿಂತ ಬೆಳೆಗೆ ಅಪಾಯಕಾರಿ ಎಂದು ಮನವರಿಕೆಯಾದರೆ ಮುಖ್ಯ ವನ್ಯಜೀವಿ ಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು, ಲಿಖಿತ ಆದೇಶ ಕೊಡಬಹುದು. ಅಂದರೆ ಆ ಪ್ರಾಣಿಗೆ, ಆ ಜಾಗಕ್ಕೆ, ಆ ವ್ಯಕ್ತಿಗೆ ಕಾಗದ ಬೇಕು. ವಾಟ್ಸಾಪ್ ಸಂದೇಶ ಆ ಕಾಗದ ಅಲ್ಲ. ಹಾಗೆ ಕೊಂದ ಪ್ರಾಣಿಯೂ ಸರ್ಕಾರದ ಆಸ್ತಿ. ಮಾಂಸ ಹಂಚಿಕೊಂಡರೆ ಅದು ಬೇರೆ ಅಪರಾಧ.

ಇನ್ನೊಂದು ಗೊಂದಲ ಬೇರೆ ರಾಜ್ಯಗಳ ಸುದ್ದಿಯಿಂದ ಬರುತ್ತದೆ. 2015–16ರಲ್ಲಿ ಕೇಂದ್ರ ಸರ್ಕಾರ ಬಿಹಾರ ಮತ್ತು ಉತ್ತರಾಖಂಡದ ಕೆಲವು ಜಿಲ್ಲೆಗಳಲ್ಲಿ, ಗೊತ್ತಾದ ಅವಧಿಗೆ ಮಾತ್ರ, ಕಾಡುಹಂದಿಯನ್ನು ಪೀಡಕ ಪ್ರಾಣಿ ಎಂದು ಘೋಷಿಸಿತ್ತು. ಕೇರಳ 2022ರಲ್ಲಿ ಹಾನಿ ಮಾಡುವ ಕಾಡುಹಂದಿಯನ್ನು ಕೊಲ್ಲಲು ಆದೇಶ ಕೊಡುವ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಮುಖ್ಯಸ್ಥರಿಗೆ ಕೊಟ್ಟಿತು. ಹಳೆಯ ಈ ಸುದ್ದಿಗಳ ತುಣುಕಿಗೆ ನಮ್ಮ ಜಿಲ್ಲೆಯ ಹೆಸರು ಸೇರಿಸಿ ಹಂಚಿದರೆ ಅದು ನಮ್ಮ ಕಾನೂನು ಆಗುವುದಿಲ್ಲ.

ಮೇಲೆ ಬಿದ್ದ ಪ್ರಾಣಿಯಿಂದ ಜೀವ ಉಳಿಸಿಕೊಳ್ಳುವಾಗ ಅದು ಸತ್ತರೆ ಅಪರಾಧವಲ್ಲ ಎಂದೂ ಇದೇ ಕಲಮು ಹೇಳುತ್ತದೆ. ಅದು ನಿಮ್ಮ ಅಥವಾ ಇನ್ನೊಬ್ಬರ ಪ್ರಾಣರಕ್ಷಣೆಗೆ ಮಾತ್ರ. 300 ಮೀಟರ್ ದೂರದಲ್ಲಿ ಮೇಯುವ ಹಂದಿಗೆ ಆ ಮಾತು ಅನ್ವಯಿಸದು.

ಬಂದೂಕಿನ ಪರವಾನಗಿ ಇದ್ದರೆ?

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬೆಳೆ ರಕ್ಷಣೆಗೆ ಎಂದೇ ಲೈಸೆನ್ಸ್ ಕೊಡುವ ಅವಕಾಶ ಇದೆ. ಆದರೆ ಅಲ್ಲಿ ಹೇಳಿರುವುದು ಬಾಯಿಂದ ಮದ್ದು ತುಂಬುವ ಬಂದೂಕಿನ ಬಗ್ಗೆ. ಅದು ಸಾಲದು ಎಂದು ಅಧಿಕಾರಿಗೆ ಅನ್ನಿಸಿದರೆ ನುಣುಪು ನಳಿಕೆಯ ಬೇರೆ ಬಂದೂಕು ಕೊಡಬಹುದು. ಬೆಳೆ ಕಾಯುವ ಬಂದೂಕಿನ ಈ ಮಾತಿನಲ್ಲಿ ರೈಫಲ್ ಹೆಸರೇ ಇಲ್ಲ. ಬೆಳೆ ಕಾಯುವವನಿಗೆ ಬೇಕಾದದ್ದು ಹತ್ತಿರದ ಸದ್ದು, ದೂರದ ಗುಂಡಲ್ಲ ಎಂಬ ತಿಳಿವಳಿಕೆ ಕಾನೂನಿನಲ್ಲೇ ಇದೆ ಅನ್ನಬಹುದು. ಪಾಯಿಂಟ್ 303, 7.62 ಮಿ.ಮೀ.ನಂಥ ಸೈನ್ಯದ ಅಳತೆಗಳಂತೂ ಸಾಮಾನ್ಯ ಜನರಿಗೆ ನಿಷಿದ್ಧ. ಮತ್ತು ಬಂದೂಕಿನ ಲೈಸೆನ್ಸ್ ಬೇಟೆಯ ಅನುಮತಿ ಅಲ್ಲ, ಎರಡೂ ಬೇರೆ ಬೇರೆ.

ಅಭಯಾರಣ್ಯದಿಂದ 10 ಕಿಲೋಮೀಟರ್ ಒಳಗೆ ಹೊಸ ಬಂದೂಕು ಲೈಸೆನ್ಸ್ ಕೊಡಬೇಕಾದರೆ ಮುಖ್ಯ ವನ್ಯಜೀವಿ ಪಾಲಕರ ಒಪ್ಪಿಗೆ ಬೇಕು. ಗೋಕಾಕ ತಾಲೂಕಿನಲ್ಲಿ ಧೂಪದಾಳದ ಘಟಪ್ರಭಾ ಪಕ್ಷಿಧಾಮ ಇರುವುದರಿಂದ ಸುತ್ತಲಿನ ಹಳ್ಳಿಗಳವರು ಇದನ್ನು ನೆನಪಿಡಬೇಕು.

"ಕೊಡಗಿನವರಿಗೆ ಲೈಸೆನ್ಸ್ ಬೇಡ, ನಮಗ್ಯಾಕೆ?" ಎಂಬ ಪ್ರಶ್ನೆಯೂ ಬರುತ್ತದೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಅದನ್ನು 2029ರವರೆಗೆ ವಿಸ್ತರಿಸಲಾಗಿದೆ. ಆದರೆ ಅವರಿಗೂ ಬೇಟೆಗೆ ವಿನಾಯಿತಿ ಇಲ್ಲ.

"ಇದೆಲ್ಲ ಬ್ರಿಟಿಷರು ಮಾಡಿದ ಕಾನೂನು" ಎಂಬ ಮಾತು ನಮ್ಮ ಭಾಗದಲ್ಲಿ ಬೇಗ ಮನಸ್ಸಿಗೆ ತಾಗುತ್ತದೆ. ಯಾಕೆಂದರೆ 1857ರಲ್ಲಿ ಬ್ರಿಟಿಷರು ಆಯುಧ ಒಪ್ಪಿಸಿ ಎಂದಾಗ ಒಪ್ಪದೆ ಎದ್ದು ನಿಂತ ಹಲಗಲಿಯ ಬೇಡರು ನಮ್ಮ ಪಕ್ಕದ ಮುಧೋಳ ಸೀಮೆಯವರು. ಅವರ ಹೋರಾಟ ದೊಡ್ಡದು. ಆದರೆ ಇವತ್ತಿನ ಶಸ್ತ್ರಾಸ್ತ್ರ ಕಾಯ್ದೆಯನ್ನು 1959ರಲ್ಲಿ, ವನ್ಯಜೀವಿ ಕಾಯ್ದೆಯನ್ನು 1972ರಲ್ಲಿ ಮಾಡಿದ್ದು ನಾವೇ ಆರಿಸಿದ ಸಂಸತ್ತು. ಆ ಹೆಸರು ಹೇಳಿ ನಾಡಬಂದೂಕು ಮಾರುವವರನ್ನು ನಂಬಬೇಡಿ. ಲೈಸೆನ್ಸ್ ಇಲ್ಲದ ಬಂದೂಕು ಮನೆಯಲ್ಲಿದ್ದರೆ ಕನಿಷ್ಠ ಎರಡು ವರ್ಷ ಜೈಲು. ತಯಾರಿಸಿದರೆ, ಮಾರಿದರೆ ಕನಿಷ್ಠ ಏಳು ವರ್ಷ.

ಏರ್‌ಗನ್‌ಗೆ ಲೈಸೆನ್ಸ್ ಬೇಡವಲ್ಲ?

ಪಾಯಿಂಟ್ 177 ಅಳತೆ ಮತ್ತು 20 ಜೂಲ್ ಶಕ್ತಿ ಮೀರದ ಏರ್‌ಗನ್‌ಗೆ ಬೇಡ. ಆದರೆ 20 ಜೂಲ್ ಎಂದರೆ ಮೇಲೆ ಹೇಳಿದ ರೈಫಲ್ ಗುಂಡಿನ ಸುಮಾರು ಇನ್ನೂರರಲ್ಲಿ ಒಂದು ಪಾಲು. ಹಂದಿಯ ಚರ್ಮ, ಕೊಬ್ಬಿಗೆ ಅದು ಏನೂ ಅಲ್ಲ. ನೋವಾಗಿ ಕೆರಳುತ್ತದೆ ಅಷ್ಟೇ. ಪ್ರಾಣಿಗೆ ಹೊಡೆದರೆ ಅದೂ ಕಾನೂನಿನ ಕಣ್ಣಿಗೆ ಬೇಟೆಯೇ.

ಕರೆಂಟ್ ತಂತಿ, ಹಂದಿ ಬಾಂಬ್?

ಇವು ಬಂದೂಕಿಗಿಂತ ಕೆಟ್ಟವು. ಹೊಲದ ಸುತ್ತ ಮೇನ್ ಲೈನಿನ 230 ವೋಲ್ಟ್ ಕರೆಂಟ್ ಹರಿಸಿದರೆ ತಂತಿ ಮುಟ್ಟಿದವರಿಗೆ ಬಿಡಿಸಿಕೊಳ್ಳಲು ಆಗುವುದಿಲ್ಲ. ಹಂದಿ ಯಾವುದು, ನೀರು ಹಾಯಿಸಲು ಬಂದ ಅಣ್ಣತಮ್ಮ ಯಾರು ಎಂದು ತಂತಿಗೆ ಗೊತ್ತಿಲ್ಲ. ಆಹಾರದಲ್ಲಿ ಸಿಡಿಮದ್ದು ಇಟ್ಟರೆ ಮೊದಲು ಬಾಯಿ ಹಾಕುವುದು ಎಷ್ಟೋ ಸಲ ದನ, ನಾಯಿ. 2020ರ ಮೇ ತಿಂಗಳಲ್ಲಿ ಕೇರಳದ ಪಾಲಕ್ಕಾಡ್ ಜಿಲ್ಲೆಯಲ್ಲಿ ಗಬ್ಬದ ಆನೆ ಸತ್ತದ್ದು ಬಾಯಲ್ಲಿ ಇಂಥ ಸಿಡಿಮದ್ದು ಸಿಡಿದು.

ಹಾಗಾದರೆ ರೈತ ಏನು ಮಾಡಬೇಕು?

ಕಾಡುಹಂದಿಗೆ ಕಣ್ಣು ಮಂದ, ಮೂಗು ಬಹಳ ಚುರುಕು. ಗುಂಪಾಗಿ ಬರುತ್ತದೆ, ಒಮ್ಮೆ ರುಚಿ ಕಂಡ ಜಾಗಕ್ಕೆ ಮತ್ತೆ ಬರುತ್ತದೆ. ಆದ್ದರಿಂದ ಅದನ್ನು ಹೊಲದ ಅಂಚಿನಲ್ಲೇ, ಮೊದಲ ದಿನದಿಂದಲೇ ತಡೆಯಬೇಕು.

ಸೋಲಾರ್ ಬೇಲಿ: ಇದರಲ್ಲಿ ಹರಿಯುವುದು ನಿರಂತರ ಕರೆಂಟ್ ಅಲ್ಲ. ಸಾವಿರಾರು ವೋಲ್ಟ್ ಇದ್ದರೂ ಅದು ಸುಮಾರು ಸೆಕೆಂಡಿಗೊಮ್ಮೆ, ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಡಿಮೆ ಹೊತ್ತು ಬರುವ ತುಡಿತ. ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ಪ್ರಮಾಣಿತ ಯಂತ್ರವನ್ನೇ ಕೊಳ್ಳಿ, ಮೇನ್ ಲೈನಿಗೆ ಎಂದೂ ಜೋಡಿಸಬೇಡಿ. ಹಂದಿ ಕೆಳಗಿಂದ ನುಸುಳುವ ಪ್ರಾಣಿ, ಹಾಗಾಗಿ ಕೆಳಗಿನ ತಂತಿ ನೆಲಕ್ಕೆ ಹತ್ತಿರ ಇರಬೇಕು. ಹುಲ್ಲು ತಾಗಿದರೆ ತುಡಿತ ನೆಲಕ್ಕೆ ಇಳಿದುಹೋಗುತ್ತದೆ, ಆಗಾಗ ಸವರಿ.

ಅಂಚಿನ ಬೆಳೆ: ಶೇಂಗಾ ಸುತ್ತ ಮುಳ್ಳಿನ ಕುಸುಬೆಯ ಒತ್ತಾದ ಸಾಲುಗಳು, ಗೋವಿನಜೋಳದ ಸುತ್ತ ಔಡಲದ ಸಾಲುಗಳು ಹಂದಿಯನ್ನು ತಡೆಯಲು ಸಹಾಯ ಮಾಡುತ್ತವೆ. ಕುಸುಬೆ ನಮ್ಮ ಹಿರಿಯರು ಬೆಳೆಯುತ್ತಿದ್ದದ್ದೇ. ಹಂದಿಗೆ ಮೂತಿ ಚುಚ್ಚುತ್ತದೆ, ನಿಮಗೆ ಎಣ್ಣೆಕಾಳು ಸಿಗುತ್ತದೆ.

ವಾಸನೆ, ಸದ್ದು, ಬೆಳಕು: ಕೆಲವು ದಿನ ಕೆಲಸ ಮಾಡುತ್ತವೆ, ಆಮೇಲೆ ಹಂದಿಗೆ ರೂಢಿಯಾಗುತ್ತದೆ. ಜಾಗ, ಹೊತ್ತು, ಬಗೆ ಬದಲಿಸುತ್ತಾ ಇರಬೇಕು. ತೆನೆ ಹಾಲುಗಟ್ಟುವ ದಿನಗಳಿಗೆ ಇವನ್ನು ಉಳಿಸಿಕೊಂಡರೆ ಹೆಚ್ಚು ಉಪಯೋಗ.

ಒಟ್ಟಿಗೆ ಕಾಯುವುದು: ಒಬ್ಬರ ಹೊಲದಿಂದ ಓಡಿಸಿದ ಹಂದಿ ಪಕ್ಕದವರ ಹೊಲಕ್ಕೆ ಹೋಗುತ್ತದೆ. ನಾಲ್ಕು ಹೊಲದವರು ಸೇರಿ ಬೇಲಿ ಹಾಕಿದರೆ ಸುತ್ತಳತೆ ಕಡಿಮೆ, ಒಬ್ಬೊಬ್ಬರಿಗೆ ಬೀಳುವ ಖರ್ಚೂ ಕಡಿಮೆ. ಕಾಯುವ ಪಾಳಿಯೂ ಹಂಚಿಕೆಯಾಗುತ್ತದೆ.

ಪರಿಹಾರ: ಕಾಡುಪ್ರಾಣಿಗಳಿಂದಾದ ಬೆಳೆ ಹಾನಿಗೆ ಅರಣ್ಯ ಇಲಾಖೆ ಪರಿಹಾರ ಧನ ಕೊಡುತ್ತದೆ. ಹಾನಿಯಾದ ಬೆಳಗ್ಗೆಯೇ, ಹೊಲ ಸರಿಪಡಿಸುವ ಮುಂಚೆ, ಹೆಜ್ಜೆ ಗುರುತು ಮತ್ತು ಬಿದ್ದ ಬೆಳೆಯ ಫೋಟೋ ತೆಗೆಯಿರಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಕಲಿನೊಂದಿಗೆ ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926. ಹಾವಳಿ ಪದೇ ಪದೇ ಆಗುತ್ತಿದ್ದರೆ ಊರಿನವರೆಲ್ಲ ಸೇರಿ ಲಿಖಿತ ಮನವಿ ಕೊಡಿ. 11ನೇ ಕಲಮಿನ ದಾರಿ ತೆರೆಯುವುದೂ ಇಂಥ ದಾಖಲೆಗಳಿಂದಲೇ. ಪರಿಹಾರ ಬರಲು ತಡವಾಗುತ್ತದೆ, ನಷ್ಟ ಪೂರ್ತಿ ತುಂಬುವುದಿಲ್ಲ ಎಂಬ ರೈತರ ದೂರು ಸುಳ್ಳಲ್ಲ. ಆದರೂ ಅರ್ಜಿ ಹಾಕದ ಹಾನಿ ಸರ್ಕಾರದ ಲೆಕ್ಕಕ್ಕೇ ಬರುವುದಿಲ್ಲ.

ಯಾವ ಬೇಲಿ, ಯಾವ ಅಂಚಿನ ಬೆಳೆ ನಿಮ್ಮ ಮಣ್ಣಿಗೆ ಹೊಂದುತ್ತದೆ ಎಂದು ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು. ಈ ಭಾಗದವರಿಗೆ ಅದು ದೂರವಿಲ್ಲ, ತುಕ್ಕಾನಟ್ಟಿಯಲ್ಲೇ ಬರ್ಡ್ಸ್ ಸಂಸ್ಥೆಯ ಕೃಷಿ ವಿಜ್ಞಾನ ಕೇಂದ್ರ ಇದೆ.

ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ

"ಕಾಡುಹಂದಿ ಹೊಡೆಯಲು ಎಲ್ಲರಿಗೂ ಅನುಮತಿ ಇದೆ ಎಂಬ ಸಂದೇಶ ಸುಳ್ಳು. ಅಧಿಕಾರಿಯ ಲಿಖಿತ ಆದೇಶ ಇಲ್ಲದೆ ಹೊಡೆದರೆ ಜೈಲು. ರೈಫಲ್ ಗುಂಡು ಒಂದು ಡಿಗ್ರಿ ಮೇಲಿದ್ದರೂ ಒಂದು ಕಿಲೋಮೀಟರ್ ದಾಟುತ್ತದೆ, ಅಷ್ಟರೊಳಗೆ ನಮ್ಮವರದೇ ತೋಟದ ಮನೆ ಇದೆ. ಗಾಳಿಯಲ್ಲೂ ಹಾರಿಸಬೇಡಿ, ಕರೆಂಟ್ ತಂತಿ ಹಾಕಬೇಡಿ. ಬೆಳೆ ಹಾನಿಯಾದರೆ ಫೋಟೋ ತೆಗೆದು ವಲಯ ಅರಣ್ಯ ಕಚೇರಿಗೆ ಅರ್ಜಿ ಕೊಡಿ. ಸಹಾಯವಾಣಿ 1926."

ನಿಮ್ಮ ಊರಿನ ಗುಂಪಿನಲ್ಲಿ ಮುಂದಿನ ಸಲ ತೋಟಾದ ವಿಡಿಯೋ ಬಂದಾಗ ಅದರ ಕೆಳಗೇ ಇದನ್ನು ಹಾಕಿ. ರಾತ್ರಿ ನೀರು ಹಾಯಿಸಲು ಹೋಗುವವರ ಮನೆಯವರು ಅದನ್ನು ಓದಲಿ.